ಒಂದೂವರೆ ಗೇಣಿನ ಕೀಬೋರ್ಡು

ಒಂದೇ ಮೇಜಿನ ಮೇಲೆ ಎರಡು ಕಸುಬು ನಡೆಯುವ ಮನೆಯಲ್ಲಿ ದಾಂಪತ್ಯವು ಪ್ರೇಮದಿಂದಲ್ಲ, ಗಡಿರೇಖೆಯಿಂದ ಉಳಿದುಬರುತ್ತದೆ ಎಂಬುದು ಲಿಪಿಕಾರನ ಅನುಭವಜನ್ಯ ಸಿದ್ಧಾಂತ. ಮೇಜು ಊಟದ್ದು, ಆದರೆ ಅದರ ಮೇಲೆ ಯಾರಾದರೂ ಊಟ ಮಾಡಿದ್ದನ್ನು ಕಂಡವರಿಲ್ಲ. ಕಿಟಕಿಯ ಕಡೆಯ ಅರ್ಧ ಅವನ ಹೆಂಡತಿಯದು. ಗಡಿಯಾರ ರಿಪೇರಿ ಅವಳ ಕಸುಬು, ಆದ್ದರಿಂದ ಬೆಳಕು ಅವಳಿಗೆ ಬೇಕು. ಗೋಡೆಯ ಕಡೆಯ ಅರ್ಧ ಅವನದು. ಅವನ ಕೆಲಸಕ್ಕೆ ಕಣ್ಣು ಬೇಡ, ಕಿವಿ ಸಾಕು (ಎಂದು ತೀರ್ಪು ಕೊಟ್ಟವಳೂ ಹೆಂಡತಿಯೇ).

ಲಿಪಿಕಾರ ಎಂದಮಾತ್ರಕ್ಕೆ ಶಿಲಾಶಾಸನಗಳನ್ನು ಓದುವ ಪಂಡಿತನೆಂದು ಭಾವಿಸಬಾರದು. ವಯಸ್ಸಾದವರು ತಮ್ಮ ಬಾಲ್ಯ, ದುಡಿಮೆ, ಮದುವೆ, ಮೈದುನರ ಜಗಳಗಳನ್ನು ಗಂಟೆಗಟ್ಟಲೆ ಹೇಳಿಕೊಂಡದ್ದನ್ನು ಯಾರೋ ರೆಕಾರ್ಡ್ ಮಾಡಿ ತಂದು ಅವನಿಗೆ ಒಪ್ಪಿಸುತ್ತಾರೆ. ಅವನು ಹೆಡ್‌ಫೋನ್ ಏರಿಸಿಕೊಂಡು, ಆಲಿಸಿ, ಒಂದಕ್ಷರವೂ ಬಿಡದಂತೆ ಟೈಪ್ ಮಾಡುತ್ತಾನೆ. ಅಕ್ಷರವಲ್ಲದ್ದನ್ನೂ ಬಿಡುವಂತಿಲ್ಲ. ಹಿರಿಯರು ಕೆಮ್ಮಿದರೆ ಆವರಣದೊಳಗೆ ‘ಕೆಮ್ಮು’ ಎಂದು ಹಾಕಬೇಕು, ಅತ್ತರೆ ‘ಗದ್ಗದ’, ಸೊಸೆ ಕಾಫಿ ತಂದಿಟ್ಟಾಗ ಮಾತು ನಿಂತರೆ ‘ದೀರ್ಘ ಮೌನ’. ಈ ಅಭ್ಯಾಸ ಅವನ ರಕ್ತಕ್ಕೇ ಇಳಿದಿತ್ತು. ಹೆಂಡತಿ ಮುನಿಸಿಕೊಂಡಾಗಲೂ ಅವನ ಮನಸ್ಸು ತಾನಾಗಿ ಆವರಣಚಿಹ್ನೆ ತೆರೆದು ‘ದೀರ್ಘ ಮೌನ’ ಎಂದು ನಮೂದಿಸಿಕೊಳ್ಳುತ್ತಿತ್ತು.

ಗಡಿವಿವಾದದ ಮೂಲ ಅವನ ಹಳೆಯ ಕೀಬೋರ್ಡು. ಅದು ಬಾಗಿಲ ಪಟ್ಟಿಯಷ್ಟು ಉದ್ದ. ಅದರ ಬಲತುದಿ ಸದಾ ಶತ್ರುರಾಜ್ಯದೊಳಗೆ ಚಾಚಿಕೊಂಡಿರುತ್ತಿತ್ತು. ಅವಳ ಚಿಕ್ಕಚಿಕ್ಕ ತಿರುಪುಗಳು ಉರುಳಿ ಅದರ ಸಂದುಗಳಲ್ಲಿ ಆಶ್ರಯ ಪಡೆಯುತ್ತಿದ್ದವು. ಅವಳು ಕೀಬೋರ್ಡನ್ನು ಬೋರಲು ಹಾಕಿ ಕೊಡವುತ್ತಿದ್ದಳು. ಕೊಡವಿದಾಗೆಲ್ಲ ಯಾರದೋ ಅಜ್ಜಿಯ ಆತ್ಮಕಥೆಯಲ್ಲಿ ‘ಳಳಳಳಳ’ ಎಂಬ ಹೊಸ ಅಧ್ಯಾಯ ಸೇರಿಕೊಳ್ಳುತ್ತಿತ್ತು. ಆಗ ಲಿಪಿಕಾರನಿಗೆ ಹೊಳೆದ ದಿವ್ಯ ಉಪಾಯವೇ ಪುಟ್ಟ ಕೀಬೋರ್ಡು. ಕಂಪ್ಯೂಟರಿನಲ್ಲಿ ಆಟ ಆಡುವವರಿಗೆಂದು ತಯಾರಾದದ್ದು. ಪ್ರತಿ ಕೀಯ ಕೆಳಗೂ ನಿಜವಾದ ಸ್ಪ್ರಿಂಗು. ಮೈಗೆಲ್ಲ ಬಣ್ಣದ ದೀಪ. ಉದ್ದ ಒಂದೂವರೆ ಗೇಣು.

ಪೆಟ್ಟಿಗೆ ಬಿಚ್ಚಿದಾಗ ಹೆಂಡತಿ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನೋಡಿದಳು.

“ಇದರ ಉಳಿದರ್ಧ ಎಲ್ರೀ?”

“ಇರೋದೇ ಇಷ್ಟು ಕಣೇ.”

“ಅಂಗಡಿಯವನು ಮುರಿದು ಕೊಟ್ಟಿದ್ದಾನೆ. ಹೋಗಿ ಕೇಳಿ.”

“ಮುರಿದಿಲ್ಲ, ಬೇಡದ್ದನ್ನ ತೆಗೆದಿದ್ದಾರೆ. ಬಲಗಡೆ ಅಂಕಿಗಳ ಗುಂಪು ಇರ್ತಿತ್ತಲ್ಲ, ಅದಿಲ್ಲ. ಬಾಣದ ಗುರುತಿನ ಕೀಗಳಿಲ್ಲ. ಎಲ್ಲಾ ಚೊಕ್ಕ.”

“ಬೇಡದ್ದನ್ನ ತೆಗೆದುಕೊಡೋ ಅಂಗಡಿ ಅಂತ ಮೊದಲೇ ಹೇಳಬಾರದಿತ್ತಾ? ನಿಮ್ಮ ಬೀರುನೂ ಜೊತೇಲಿ ಕಳಿಸ್ತಿದ್ದೆ.”

ಈ ಮಾತಿಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದ ಅತ್ತೆ (ಎಂದರೆ ಹೆಂಡತಿಯ ತಾಯಿ) ನಗಲಿಲ್ಲ, ಏಕೆಂದರೆ ಕೇಳಿಸಲಿಲ್ಲ. ಅವರ ಕಿವಿ ಮಂದವಾಗಿ ಬಹಳ ಕಾಲವಾಗಿತ್ತು. ದೀಪಗಳು ಮಾತ್ರ ಕಾಣಿಸಿದವು. “ಅಳಿಯಂದಿರ ಕೆಲಸಕ್ಕೆ ಎಷ್ಟು ಚೆನ್ನಾಗಿ ಸಿಂಗಾರ ಮಾಡಿದ್ದಾರೆ!” ಎಂದರು.

ಆ ಕೀಬೋರ್ಡಿನ ಗುಣದೋಷಗಳನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸುವುದಾದರೆ, ಗುಣವೇ ಮೊದಲು ಬರಬೇಕು. ಒತ್ತಿದೊಡನೆ ಪ್ರತಿಯೊಂದು ಕೀಯೂ ಬೆರಳಿಗೆ ‘ಆಗಲಿ’ ಎಂದು ಉತ್ತರ ಕೊಡುತ್ತಿತ್ತು; ಲಿಪಿಕಾರ ಹೇಳಿದ್ದಕ್ಕೆ ತಕ್ಷಣ ಆಗಲಿ ಎನ್ನುವ ವಸ್ತು ಆ ಮನೆಯಲ್ಲಿ ಅದೊಂದೇ. ಇನ್ನು ದೋಷ. ಇಲ್ಲದ ಬಾಣಗಳ ಕೆಲಸವನ್ನು ಎರಡೆರಡು ಕೀ ಸೇರಿಸಿ ಒತ್ತಿ ಮಾಡಿಸಬೇಕಿತ್ತು. ಒಮ್ಮೆ ಬೆರಳು ತಪ್ಪಿ ಒಬ್ಬ ನಿವೃತ್ತ ಅಂಚೆಯವರ ಬಾಲ್ಯ ಪೂರ್ತಿ ಅಳಿಸಿಹೋಯಿತು. ಅದನ್ನು ಮರಳಿ ಪಡೆಯುವಷ್ಟರಲ್ಲಿ ಲಿಪಿಕಾರನಿಗೆ ತನ್ನ ಬಾಲ್ಯವೂ ನೆನಪಾಯಿತು. ಇನ್ನು ಉಳಿಸಿದ ಜಾಗದ ವಿಚಾರ ಹೇಳಿದರೆ ಕರುಳು ಚುರುಕ್ಕೆನ್ನುತ್ತದೆ. ಆ ಗೇಣಗಲದ ನೆಲದಲ್ಲಿ ತನ್ನ ಚಹಾದ ಲೋಟ ಇಡಬೇಕೆಂಬುದು ಅವನ ಬಹುದಿನದ ಕನಸು. ಅಡುಗೆಮನೆಗೆ ಹೋಗಿ ಲೋಟ ಹಿಡಿದು ಬರುವಷ್ಟರಲ್ಲಿ ಅಲ್ಲಿ ಹೆಂಡತಿಯ ಹಲ್ಲುಗಾಲಿಗಳ ತಟ್ಟೆ, ಅದರ ಪಕ್ಕದಲ್ಲಿ ಅತ್ತೆಯ ಮಾತ್ರೆ ಡಬ್ಬಿ, ಡಬ್ಬಿಯ ಮೇಲೆ ಅತ್ತೆಯ ಕನ್ನಡಕ ಪ್ರತಿಷ್ಠಾಪನೆಗೊಂಡಿದ್ದವು.

“ಖಾಲಿ ಇತ್ತಲ್ಲ,” ಎಂದಳು ಹೆಂಡತಿ.

ಲೋಟ ಎಂದಿನಂತೆ ಕುರ್ಚಿಯ ಕಾಲಿನ ಪಕ್ಕ ನೆಲದ ಮೇಲೆಯೇ ಉಳಿಯಿತು.

ಆದರೆ ಕೀಬೋರ್ಡಿನ ಮಹಾದೋಷ ಲಿಪಿಕಾರನಿಗೆ ತಿಳಿಯಲೇ ಇಲ್ಲ. ತಿಳಿಯುವುದು ಸಾಧ್ಯವೂ ಇರಲಿಲ್ಲ. ಅದು ಸದ್ದು ಮಾಡುತ್ತಿತ್ತು. ಅದೂ ಎಂಥ ಸದ್ದು! ಹಂಚಿನ ಮೇಲೆ ಆಲಿಕಲ್ಲು ಸುರಿದಂತೆ. ಹೆಡ್‌ಫೋನಿನೊಳಗೆ ಹಿರಿಯರ ಮಾತಿನಲ್ಲಿ ಮುಳುಗಿರುತ್ತಿದ್ದ ಅವನೊಬ್ಬನನ್ನು ಬಿಟ್ಟು ಮನೆಯವರಿಗೆಲ್ಲ, ಮೇಲಿನ ಮಹಡಿಯವರಿಗೂ ಅದು ಕೇಳಿಸುತ್ತಿತ್ತು. ಅತ್ತೆಗಂತೂ ಪರಮಾನಂದ. ವರ್ಷಗಳ ಬಳಿಕ ಕಿವಿಗೆ ಸ್ಪಷ್ಟವಾಗಿ ಬಿದ್ದ ಸದ್ದು ಅದು. “ನಮ್ಮ ಅಳಿಯಂದಿರು ಮೊದಲು ಸುಮ್ಮನೆ ಕೂತಿರ್ತಿದ್ರು, ಈಗ ನೋಡು ಹೇಗೆ ದುಡೀತಾರೆ,” ಎಂದು ಫೋನಿನಲ್ಲಿ ನೆಂಟರಿಷ್ಟರಿಗೆಲ್ಲ ಪ್ರಚಾರ ಮಾಡಿದರು. ಹೆಂಡತಿ ಮೊದಮೊದಲು ಒಂದೆರಡು ಸಲ ಏನೋ ಹೇಳಿದ್ದಳು. ಹೆಡ್‌ಫೋನಿನ ಒಳಗಿದ್ದ ಲಿಪಿಕಾರ, ಅವಳ ತುಟಿ ಅಲುಗಿದ್ದನ್ನು ಕಂಡು, ಎಂದಿನ ಮುಂಜಾಗ್ರತೆಯಿಂದ “ಹೂಂ, ನೀನು ಹೇಳೋದು ಸರಿ” ಎಂದು ತಲೆಯಾಡಿಸಿ ಟೈಪಿಂಗ್ ಮುಂದುವರಿಸಿದ್ದ. ಒಪ್ಪಿಕೊಂಡ ಮೇಲೂ ನಿಲ್ಲಿಸದವನ ಜೊತೆ ಯಾರು ವಾದ ಮಾಡುತ್ತಾರೆ? ಅವಳು ಸುಮ್ಮನಾದಳು, ಕ್ರಮೇಣ ಅಭ್ಯಾಸವೂ ಆಯಿತು.

ಹೀಗಿರುವಾಗ ಬೇಕರಿಯವರ ಗಡಿಯಾರ ಬಂತು.

ಅದು ಲೋಲಕವಿದ್ದ ಗೋಡೆ ಗಡಿಯಾರ, ಬೇಕರಿಯವರ ತಂದೆಯ ಕಾಲದ್ದು. ಒಲೆಯ ಕೋಣೆಯ ಬಾಗಿಲ ಮೇಲಿದ್ದ ಅದನ್ನು ನೋಡಿಕೊಂಡೇ ಅವರು ಬ್ರೆಡ್ಡನ್ನು ಒಲೆಗೆ ಇಟ್ಟು ತೆಗೆಯುತ್ತಿದ್ದುದು. ಬೇರೆ ಗಡಿಯಾರ ಕೊಳ್ಳಿ ಎಂದರೆ “ಅಪ್ಪ ನೋಡ್ತಿದ್ದ ಗಂಟೆ ಇದು” ಎನ್ನುತ್ತಿದ್ದರು. ಇಂಥ ಗಡಿಯಾರಕ್ಕೆ ಇರುವುದು ಒಂದೇ ಪ್ರಾಣಸೂತ್ರ: ‘ಟಿಕ್’ನಿಂದ ‘ಟಾಕ್’ಗೆ ಎಷ್ಟು ಹೊತ್ತೋ ‘ಟಾಕ್’ನಿಂದ ‘ಟಿಕ್’ಗೂ ಅಷ್ಟೇ ಹೊತ್ತು ಆಗಬೇಕು. ಕೊಂಚ ಹೆಚ್ಚುಕಡಿಮೆಯಾದರೆ ಗಡಿಯಾರ ಕುಂಟುತ್ತದೆ. ಕುಂಟುತ್ತ ಕುಂಟುತ್ತ ಯಾವಾಗಲೋ ನಿಂತುಬಿಡುತ್ತದೆ. ಲೋಲಕದ ಹಿಂದಿರುವ ಹಿತ್ತಾಳೆಯ ಸಣ್ಣ ತೋಳನ್ನು ಕೂದಲೆಳೆಯಷ್ಟು ಬಗ್ಗಿಸಿ ಈ ಕುಂಟು ಬಿಡಿಸಬೇಕು. ಎಷ್ಟು ಬಗ್ಗಿಸಬೇಕೆಂದು ಹೇಳುವುದು ಕಿವಿ. ಅವಳ ಕಿವಿ ಆ ಕೆಲಸಕ್ಕೆ ಹೆಸರಾಗಿತ್ತು. ಚೌಕದಲ್ಲಿ ಯಂತ್ರವಿಟ್ಟುಕೊಂಡು ಗಡಿಯಾರದ ಬಡಿತ ಅಳೆಯುವ ರಿಪೇರಿಯವನೊಬ್ಬನಿದ್ದ. ಅವನೇ ಕೈಚೆಲ್ಲಿದ್ದನ್ನು ಇವಳ ಬಳಿಗೆ ಕಳಿಸುತ್ತಿದ್ದ.

ಅವಳು ಗಡಿಯಾರವನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಮಧ್ಯಾಹ್ನದ ಊಟ ಮುಗಿಸಿ, ಕಣ್ಣು ಮುಚ್ಚಿ ಆಲಿಸಿ, ತೋಳನ್ನು ಬಗ್ಗಿಸಿದಳು. ನಡಿಗೆ ಸರಿಹೋಯಿತು. ಬೇಕರಿಗೆ ತಾನೇ ಹೋಗಿ, ಮಟ್ಟಗೋಲು ಇಟ್ಟು ನೋಡಿ, ನೇರವಾಗಿ ತೂಗುಹಾಕಿ ಬಂದಳು. ಅಲ್ಲಿ ನಿಂತು ಕೇಳೋಣವೆಂದರೆ ಹಿಟ್ಟು ಕಲಸುವ ಯಂತ್ರದ ಆರ್ಭಟದಲ್ಲಿ ಸ್ವಂತ ಉಸಿರೂ ಕೇಳುತ್ತಿರಲಿಲ್ಲ.

ಮರುದಿನವೇ ಬೇಕರಿಯವರು ಗಡಿಯಾರವನ್ನು ಮಗುವಿನಂತೆ ಎದೆಗವಚಿಕೊಂಡು ಬಂದರು.

“ಅಕ್ಕಾ, ನಿಂತೋಯ್ತು. ನಾನು ಇನ್ನೂ ಹೊತ್ತಿದೆ ಅಂತ ಕೂತಿದ್ದೀನಿ, ಒಳಗೆ ಬ್ರೆಡ್ಡು ಇದ್ದಿಲಾಗಿದೆ!”

ಅವಳು ಮತ್ತೆ ಮೇಜಿನ ಮೇಲೆ ನಿಲ್ಲಿಸಿ, ಮಧ್ಯಾಹ್ನ ಕೇಳಿ, ಮತ್ತೆ ಬಗ್ಗಿಸಿ ಕೊಟ್ಟಳು. ಗಡಿಯಾರ ಮತ್ತೆ ನಿಂತಿತು. ಈ ಬಾರಿ ಬೇಕರಿಯವರು ಒಂದು ಬನ್ನನ್ನೂ ಸಾಕ್ಷಿಗೆಂದು ತಂದಿದ್ದರು. ಮೇಜಿನ ಮೇಲಿಟ್ಟಾಗ ಅದು ಕಲ್ಲಿನಂತೆ ‘ಟಣ್’ ಎಂದಿತು.

“ಬೇಜಾರು ಮಾಡ್ಕೋಬೇಡಿ ಅಕ್ಕ. ಈ ಸಲ ಆಗಲಿಲ್ಲ ಅಂದ್ರೆ ಚೌಕದವನ ಹತ್ರ ಒಂದು ಮಾತು ಕೇಳಲಾ? ಅವನತ್ರ ಯಂತ್ರ ಇದೆಯಲ್ಲ...” ಎಂದು ಸಂಕೋಚದಿಂದ ಹೇಳಿ, ಲಿಪಿಕಾರನ ಕಡೆ ತಿರುಗಿ “ಏನಂತೀರಿ ಭಾವ?” ಎಂದರು.

ಹೆಡ್‌ಫೋನಿನೊಳಗಿದ್ದ ಭಾವ “ಹೂಂ, ನೀವು ಹೇಳೋದು ಸರಿ” ಎಂದುಬಿಟ್ಟ. (ದೀರ್ಘ ಮೌನ.)

ಆ ಸಂಜೆ ಹೆಂಡತಿ ಜಗಳ ಆಡಲಿಲ್ಲ. ಇದು ಲಿಪಿಕಾರನನ್ನು ಮೊದಲ ಬಾರಿಗೆ ನಿಜವಾಗಿ ಹೆದರಿಸಿತು. ಮಹಡಿಯ ಮೆಟ್ಟಿಲ ಮೇಲೆ ಅವಳು ಒಬ್ಬಳೇ ಕೂತಿದ್ದಳು. ಒಂದು ಕೈಗಡಿಯಾರವನ್ನು ಕಿವಿಯ ಹತ್ತಿರ ತರುತ್ತಿದ್ದಳು, ದೂರ ಒಯ್ಯುತ್ತಿದ್ದಳು, ಮತ್ತೆ ಇನ್ನೊಂದು ಕಿವಿ.

“ಏನೇ ಮಾಡ್ತಿದ್ದೀಯ?”

“ಅಮ್ಮಂಗೆ ಶುರುವಾಗಿದ್ದೂ ಇದೇ ವಯಸ್ಸಲ್ಲಿ ಕಣ್ರೀ.” ಅವಳು ತಲೆ ಎತ್ತಲಿಲ್ಲ. “ಮೊದಲು ಸಣ್ಣ ಸದ್ದು ಹೋಗುತ್ತಂತೆ. ನಡಿಗೆ ಸರಿಯಾಗಿದೆ ಅಂತ ನನ್ನ ಕಿವಿ ಹೇಳ್ತು, ಗಡಿಯಾರ ಇಲ್ಲ ಅಂತು. ಗಡಿಯಾರ ಯಾಕೆ ಸುಳ್ಳು ಹೇಳುತ್ತೆ?”

“ಬೇಕರಿ ಗೋಡೆನೇ ಸೊಟ್ಟ ಇರಬಹುದು.”

“ಮಟ್ಟಗೋಲು ಇಟ್ಟೇ ಹಾಕಿದ್ದು. ಚೌಕದವನಿಗೇ ಕೊಟ್ಟುಬಿಡ್ತೀನಿ. ಇದೊಂದನ್ನಲ್ಲ, ಎಲ್ಲಾನೂ. ಕೇಳಿಸದೇ ಇರೋಳು ಜನರ ಗಡಿಯಾರ ಮುಟ್ಟಬಾರದು.” ಸ್ವಲ್ಪ ತಡೆದು, “ಮೇಜು ಪೂರ್ತಿ ನೀವೇ ಇಟ್ಕೊಳ್ಳಿ,” ಎಂದಳು.

ಇಷ್ಟು ವರ್ಷ ಯಾವ ಮೇಜಿಗಾಗಿ ಅವನು ಅಂಗುಲ ಅಂಗುಲಕ್ಕೂ ಹೋರಾಡಿದ್ದನೋ ಆ ಮೇಜು ಪೂರ್ತಿ ಕೈಗೆ ಬಂದಾಗ ಲಿಪಿಕಾರನಿಗೆ ಅದು ಬೇಡವಾಯಿತು. (ಗದ್ಗದ.)

ಆದರೆ ಅವನು ವಿದ್ಯಾವಂತ; ದುಃಖಕ್ಕಿಂತ ಪುರಾವೆಯಲ್ಲಿ ಅವನಿಗೆ ಹೆಚ್ಚು ನಂಬಿಕೆ. ತನ್ನ ಬಳಿ ಗುಬ್ಬಿಯ ಉಸಿರನ್ನೂ ಹಿಡಿಯುವ ರೆಕಾರ್ಡರ್ ಇದೆ. ಗಡಿಯಾರದ ಸದ್ದನ್ನು ಹಿಡಿದು, ನಿಧಾನಗತಿಯಲ್ಲಿ ಕೇಳಿ, ಅವಳು ಹೊಂದಿಸಿದ ನಡಿಗೆ ಸರಿಯಾಗಿಯೇ ಇದೆಯೆಂದು ರುಜುವಾತುಪಡಿಸಬೇಕು. ಮರುದಿನ ಅವಳನ್ನು ಗೋಗರೆದು ಕೊನೆಯ ಒಂದು ಸಲಕ್ಕೆ ಒಪ್ಪಿಸಿದ. ಊಟದ ನಂತರ ಅವಳು ಗಡಿಯಾರದ ಮುಂದೆ ಕಣ್ಣು ಮುಚ್ಚಿ ಕೂತಾಗ ರೆಕಾರ್ಡರನ್ನು ಮಾತ್ರೆ ಡಬ್ಬಿಯ ಮರೆಯಲ್ಲಿ ಇರಿಸಿ, ತಾನು ತನ್ನ ತುದಿಯಲ್ಲಿ ಹೆಡ್‌ಫೋನ್ ಏರಿಸಿಕೊಂಡು ಎಂದಿನಂತೆ ಕೀಬೋರ್ಡಿಗೆ ಕೈಹಚ್ಚಿದ. ಅವಳು ಬಗ್ಗಿಸಿ ಮುಗಿಸಿ, ಮುಖ ಬಾಡಿಸಿಕೊಂಡು ಎದ್ದುಹೋದಳು.

ಸಂಜೆಯ ಚಹಾದ ಹೊತ್ತಿಗೆ ಲಿಪಿಕಾರ ಆ ಧ್ವನಿಮುದ್ರಣವನ್ನು ತನ್ನ ವೃತ್ತಿಯ ಶಿಸ್ತಿನಿಂದಲೇ ಕೇಳಲು ಕೂತ. ‘ಟಿಕ್’ ಇತ್ತು. ‘ಟಾಕ್’ ಇತ್ತು. ಅವುಗಳ ಮೇಲೆ ಮಾತ್ರ ಕುದುರೆಗಾಡಿಯೊಂದು ಓಡುತ್ತಿತ್ತು. ಕಟಕಟ, ದಡ್. ಕಟಕಟ, ದಡ್. ಅವನು ಹುಬ್ಬು ಗಂಟಿಕ್ಕಿದ. ಮೇಲಿನ ಮಹಡಿಯಲ್ಲಿ ಮರಗೆಲಸವೇ? ಇಲಿಯೇ? ಯಾರು ಈ ಅನಾಗರಿಕ? ಪಕ್ಕದಲ್ಲೊಬ್ಬಳು ಸೂಕ್ಷ್ಮ ಕೆಲಸ ಮಾಡುತ್ತಿರುವಾಗ ಇಷ್ಟು ಗಲಾಟೆ ಮಾಡುವವನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ? ಅಷ್ಟರಲ್ಲಿ ಆ ಅನಾಗರಿಕ ಕೆಮ್ಮಿದ. ಲಿಪಿಕಾರನ ಬೆರಳು ಅಭ್ಯಾಸಬಲದಿಂದ ಆವರಣ ತೆರೆದು ‘ಕೆಮ್ಮು’ ಎಂದು ಟೈಪ್ ಮಾಡುತ್ತಿದ್ದಂತೆ, ಆ ಕೆಮ್ಮು ಯಾರದೆಂದು ಹೊಳೆಯಿತು. ಹೆಡ್‌ಫೋನ್ ತೆಗೆದು, ಅದೇ ಪದವನ್ನು ಇನ್ನೊಮ್ಮೆ ಟೈಪ್ ಮಾಡಿದ. ಕಟಕಟ, ದಡ್. ಕೀಬೋರ್ಡು ಮನೆಗೆ ಬಂದ ಮೇಲೆ ಅವನು ಅದರ ಸದ್ದನ್ನು ಕೇಳಿದ್ದು ಅದೇ ಮೊದಲು.

ಕೀ ಸದ್ದು ಬಿಡುವು ಕೊಟ್ಟ ಒಂದೆರಡು ಕಡೆ ಗಡಿಯಾರ ಬೆತ್ತಲೆಯಾಗಿ ಕೇಳಿಸುತ್ತಿತ್ತು. ಕುಂಟುತ್ತಿತ್ತು. ಅವನಂಥವನಿಗೂ ತಿಳಿಯುವಷ್ಟು ಕುಂಟುತ್ತಿತ್ತು.

ಇಲ್ಲಿ ಲಿಪಿಕಾರನ ಪರವಾಗಿ ಒಂದು ಮಾತು ಹೇಳಲೇಬೇಕು. ರೆಕಾರ್ಡನ್ನು ಅಳಿಸಿಹಾಕಿ, ನಾಳೆಯಿಂದ ಹಳೆಯ ಕೀಬೋರ್ಡು ತಂದಿಟ್ಟುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಅಡುಗೆಮನೆಗೆ ಹೋಗಿ, ಅತ್ತೆಯ ಸಮಕ್ಷಮದಲ್ಲೇ, ಯುದ್ಧಾಪರಾಧಿಯ ಘನತೆಯಿಂದ ಒಪ್ಪಿಕೊಂಡ.

“ನಿನ್ನ ಕಿವಿಗೆ ಏನೂ ಆಗಿಲ್ಲ ಕಣೇ. ಕೆಟ್ಟಿರೋದು ನಾನು.”

“ಅದು ಗೊತ್ತಿರೋದೇ. ಈಗ ಏನಾಯ್ತು?”

“ನಾನು ಟೈಪ್ ಮಾಡೋ ಸದ್ದು ನಿನ್ನ ಗಡಿಯಾರದೊಳಗೆ ಸೇರಿಕೊಂಡಿದೆ. ಬಾ, ನೀನೇ ಕೇಳು.”

ಅವಳು ಕೈ ಒರೆಸಿಕೊಂಡು ಬಂದು ಹೆಡ್‌ಫೋನ್ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಮುಖ ಮೊದಲು ಬಿಗಿಯಿತು, ಆಮೇಲೆ ಹೂವಿನ ಹಾಗೆ ಬಿಚ್ಚಿಕೊಳ್ಳತೊಡಗಿತು.

“ಅಯ್ಯೋ! ಇಲ್ಲಿ ಟಾಕ್ ತಡವಾಗಿ ಬೀಳ್ತಿದೆ. ಅದು ಬೀಳೋ ಮುಂಚೆ ನಿಮ್ಮ ಆ ಉದ್ದ ಕೀ ‘ದಡ್’ ಅನ್ನುತ್ತೆ. ನಾನು ಅದನ್ನೇ ಟಾಕ್ ಅಂದ್ಕೊಂಡು ತೋಳು ಬಗ್ಗಿಸ್ತಿದ್ದೀನಿ! ಸರಿಯಿದ್ದ ಗಡಿಯಾರನ ನಿಮ್ಮ ಹೆಬ್ಬೆರಳಿಗೆ ಹೊಂದಿಸಿ ಕಳಿಸಿದ್ದೀನಿ, ರೀ!”

“ಕ್ಷಮಿಸು. ಇವತ್ತೇ ಈ ಕೀಬೋರ್ಡನ್ನ...”

“ಅದೆಲ್ಲ ಆಮೇಲೆ. ಕೈ ಕಟ್ಟಿ ಕೂತ್ಕೊಳ್ಳಿ. ಕೆಮ್ಮಬೇಡಿ.”

ಅವನು ಕೈಕಟ್ಟಿ ಕೂತ. ಅತ್ತೆ ಏನೆಂದು ತಿಳಿಯದೆಯೇ ತಾವೂ ಕೈಕಟ್ಟಿ ಕೂತರು. ಗಡಿಯಾರ ಕುಂಟುತ್ತಿತ್ತು. ಹೆಂಡತಿ ಇಕ್ಕುಳದಿಂದ ಹಿತ್ತಾಳೆಯ ತೋಳನ್ನು ಒಮ್ಮೆ, ಇನ್ನೊಮ್ಮೆ, ಮುಟ್ಟಿದಳೋ ಇಲ್ಲವೋ ಎಂಬಂತೆ ಮುಟ್ಟಿದಳು. ಎರಡನೆಯ ಸಲಕ್ಕೆ ಟಿಕ್ಕೂ ಟಾಕೂ ಜೊತೆಗೂಡಿ ನಡೆಯತೊಡಗಿದವು, ಹೆಜ್ಜೆ ಕೂಡಿದ ದಂಪತಿಗಳಂತೆ. ಅವಳು ಇಕ್ಕುಳ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನಗೆ ಕೇಳಿಸ್ತಿದೆ,” ಎಂದಳು, ಯಾರಿಗೂ ಅಲ್ಲದ ಹಾಗೆ.

ಲಿಪಿಕಾರನ ಹೃದಯ ತುಂಬಿಬಂತು. ತಪ್ಪೊಪ್ಪಿಕೊಂಡವನಿಗೆ ಸಿಗುವ ಪುಣ್ಯದ ಜೊತೆಗೆ ಪತ್ನಿಯ ಕಸುಬನ್ನೇ ಉಳಿಸಿದ ಕೀರ್ತಿಯೂ ತನ್ನದೆಂದು ಅವನ ಎದೆ ಕೊಂಚ ಉಬ್ಬಿತು. ಅದೇ ಉಬ್ಬಿನಲ್ಲಿ “ನಿನ್ನ ಕಿವಿಯಂಥ ಕಿವಿ ಪ್ರಪಂಚದಲ್ಲೇ ಇಲ್ಲ. ಬೇಕಾದರೆ ಇನ್ನೊಂದು ಸಲ ಕೇಳು,” ಎಂದು ಹೆಡ್‌ಫೋನನ್ನು ತಾನೇ ಅವಳ ತಲೆಗೆ ಏರಿಸಿದ.

ಅವಳು ಕೇಳಿದಳು. ಬಹಳ ಹೊತ್ತು ಕೇಳಿದಳು. ಈಗ ಗಡಿಯಾರದ ಚಿಂತೆಯಿಲ್ಲದ್ದರಿಂದ ಆ ಕಿವಿ ಬಿಡುವಾಗಿತ್ತು.

“ರೀ, ಇದು ಟೈಪಿಂಗ್ ಸದ್ದು ಅಂದ್ರಲ್ಲ.”

“ಹೌದು.”

“ನೀವು ಬೆಳಗ್ಗೆ ಟೈಪ್ ಮಾಡೋವಾಗ ಸದ್ದು ಇಡೀ ಹಲಗೆ ಮೇಲೆ ಓಡಾಡುತ್ತೆ. ಮಳೆ ಹಾಗೆ. ಮಳೆಗೆ ತಾಳ ಇರಲ್ಲ, ಅದು ಗಡಿಯಾರಕ್ಕೆ ಎಂದೂ ಅಡ್ಡ ಬರಲ್ಲ. ಇದು ಮಧ್ಯಾಹ್ನದ ಸದ್ದು. ಎಡಗಡೆ ಮೂಲೆಯ ಮೂರು ನಾಲ್ಕು ಕೀ, ಆಮೇಲೆ ಆ ಉದ್ದ ಕೀ. ಮತ್ತೆ ಅವೇ. ಯಾವ ಅಜ್ಜ ರೀ, ಮೂರು ನಾಲ್ಕು ಅಕ್ಷರದಲ್ಲೇ ಜೀವನ ಪೂರ್ತಿ ಹೇಳಿ ಮುಗಿಸಿದ್ದು?”

(ದೀರ್ಘ ಮೌನ.)

ಸತ್ಯ ಹೀಗಿತ್ತು. ಆಟದವರ ಕೀಬೋರ್ಡನ್ನು ಕೊಂಡ ಮೇಲೆ ಅದರ ಸಾಮರ್ಥ್ಯ ಪರೀಕ್ಷಿಸಬೇಕಾದದ್ದು ನ್ಯಾಯವೆಂದು ಲಿಪಿಕಾರ ಕಾರು ಓಡಿಸುವ ಪಂದ್ಯವೊಂದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಎಡಮೂಲೆಯ ಕೀಗಳಿಂದ ಕಾರು ಓಡುತ್ತದೆ, ತಿರುಗುತ್ತದೆ. ಉದ್ದ ಕೀ ಒತ್ತಿದರೆ ಬ್ರೇಕು. ಊಟವಾದ ಮೇಲೆ, ಹೆಂಡತಿ ಕಣ್ಣು ಮುಚ್ಚಿ ಗಡಿಯಾರ ಆಲಿಸುವ ಆ ಪ್ರಶಾಂತ ವೇಳೆಯಲ್ಲಿ, ಪರೀಕ್ಷೆ ತಪ್ಪದೆ ನಡೆಯುತ್ತಿತ್ತು.

“ಕೀಬೋರ್ಡ್ ಪರೀಕ್ಷೆ ಮಾಡ್ತಿದ್ದೆ,” ಎಂದ.

“ಅದೇನು ಪರೀಕ್ಷೆ?”

“ಒಂದು... ಕಾರು...”

“ಅಮ್ಮಾ!” ಹೆಂಡತಿ ತಾರಸ್ವರದಲ್ಲಿ ಕೂಗಿ ಹೇಳಿದಳು, “ನಿಮ್ಮ ಅಳಿಯಂದಿರು ಇಷ್ಟು ದಿನ ದುಡೀತಿರಲಿಲ್ಲವಂತೆ! ಆಟ ಆಡ್ತಿದ್ರಂತೆ!”

ಅತ್ತೆ ಕೈಗೆ ಮತ್ತೆ ಬೀನ್ಸ್ ಎತ್ತಿಕೊಂಡರು. “ಆಡಲಿ ಬಿಡೆ. ಆ ಪಾಟಿ ದುಡೀತಾರೆ, ನನಗೆ ಕೇಳಿಸಲ್ವಾ?” ಎಂದರು.

ಬಂದ ಬೆಂಬಲವನ್ನು ಸದುಪಯೋಗಪಡಿಸಿಕೊಳ್ಳುವ ಧೈರ್ಯ ಲಿಪಿಕಾರನಿಗಿರಲಿಲ್ಲ. ತಲೆ ತಗ್ಗಿಸಿ, ಕೀಬೋರ್ಡಿನ ತಂತಿಯನ್ನು ತಾನೇ ಕಿತ್ತು, ಸುತ್ತಿ, ಅವಳ ಅರ್ಧದ ಮೇಲೆ ಶರಣಾಗತಿಯ ಖಡ್ಗದಂತೆ ಇಟ್ಟ. ಅವಳು ಅದನ್ನು ತಿರುಗಿಸಿ ನೋಡಿದಳು, ಒಂದು ಕೀ ಒತ್ತಿ ನೋಡಿದಳು, ಮತ್ತೆ ಅವನ ಅರ್ಧಕ್ಕೆ ತಳ್ಳಿದಳು.

“ಬೆಳಗ್ಗೆ ಇದರಲ್ಲೇ ಟೈಪ್ ಮಾಡಿ, ಮಳೆ ಬರಲಿ. ಮಧ್ಯಾಹ್ನ ಮುಟ್ಟೋ ಹಾಗಿಲ್ಲ. ನಾಳೆ ಊಟ ಆದ ಮೇಲೆ ಗಡಿಯಾರ ಹೊತ್ತುಕೊಂಡು ಬೇಕರಿಗೆ ಹೋಗಿ. ಯಾಕೆ ಬ್ರೆಡ್ಡು ಇದ್ದಿಲಾಯ್ತು ಅಂತ ಅವರಿಗೆ ನೀವೇ ವಿವರಿಸಿ.” ಆಮೇಲೆ, ಸಿಟ್ಟಿಗಿಂತ ಕುತೂಹಲವೇ ಹೆಚ್ಚಾದ ದನಿಯಲ್ಲಿ, “ಅಲ್ಲಾ, ಇಷ್ಟೆಲ್ಲ ರಾದ್ಧಾಂತ ಮಾಡಿ ಒಂದು ಸಲವಾದ್ರೂ ಪಂದ್ಯ ಗೆದ್ರಾ?” ಎಂದಳು.

ಸೋತುಹೋದ ಆ ಸಂಜೆಯಲ್ಲಿ ಲಿಪಿಕಾರನಿಗೆ ಮಾನ ಉಳಿಸಿಕೊಳ್ಳಲು ಇದ್ದದ್ದು ಅದೊಂದೇ ಎಡೆ. ಬೆನ್ನು ನೆಟ್ಟಗೆ ಮಾಡಿದ.

“ಗೆದ್ದಿದ್ದೀನಿ. ಇವತ್ತೂ ಗೆದ್ದೆ.”

ಅವಳು ಹೆಡ್‌ಫೋನನ್ನು ಮತ್ತೆ ಏರಿಸಿಕೊಂಡು, ಕಣ್ಣು ಮುಚ್ಚಿ, ಪಂದ್ಯವನ್ನು ಕೊನೆಯವರೆಗೂ ಕೇಳಿದಳು.

“ಸುಳ್ಳು,” ಎಂದಳು. “ಗೆದ್ದವರು ಬ್ರೇಕನ್ನ ಹಾಗೆ ಗುದ್ದಲ್ಲ.”